ಎತ್ತು ಇರುವ ಮನೆಗೆ ಹೆಣ್ಣು ಹುಡುಕಿದ್ದು

ಹೋದ ವೈಶಾಖದಲ್ಲಿ ನನ್ನ ಮದುವೆ ಆಯ್ತು. ಆಮೇಲೆ ಫೋನ್ ಮಾಡಿ "ನಿನಗ ಹೆಂಗ ಸಿಕ್ತೋ ಮಾರಾಯಾ?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಎಲ್ಲರೂ ನನ್ನ ಹಾಗೆ ಮನೆ ಮುಂದೆ ಎತ್ತು ಕಟ್ಟಿಕೊಂಡವರು, ಮೂವತ್ತರ ಆಚೆ ಈಚೆ ಇರುವವರು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಖರ್ಚು, ಕಾಗದ ಪತ್ರ, ಕಾಯ್ದದ್ದು, ತಲೆ ಕೆಟ್ಟದ್ದು ಎಲ್ಲ ಸೇರಿ.

ನಮ್ಮದು ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿ. ರಾಜ್ಯ ಮಹಾರಾಷ್ಟ್ರ, ಮನೆ ಮಾತು ಕನ್ನಡ. ನಾನು ಕಲಿತದ್ದೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲೇ. ಬೀಗತನ ಎಲ್ಲ ಗಡಿ ಆಚೆ, ಕರ್ನಾಟಕದ ಇಂಡಿ, ಚಡಚಣ, ವಿಜಯಪುರದ ಕಡೆಗೆ. ಏಳು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ, ಮಳೆ ನಂಬಿಕೊಂಡದ್ದು. ಮುಂಗಾರಿಗೆ ತೊಗರಿ, ಸಜ್ಜೆ. ಹಿಂಗಾರಿಗೆ ಜೋಳ, ಕಡಲೆ. ಒಂದು ಜೋಡಿ ಕಿಲಾರಿ ತಳಿಯ ಎತ್ತು.

ಟ್ರಾಕ್ಟರ್ ನಮ್ಮ ಹೊಲಕ್ಕೂ ಬರುತ್ತೆ. ನೆಲ ಹೊಡೆಯೋಕೆ, ರಾಶಿಗೆ ಬಾಡಿಗೆ ಕೊಟ್ಟು ಕರೆಸುತ್ತೇವೆ. ಆದರೆ ಹಿಂಗಾರಿ ಬಿತ್ತನೆಗೆ ಎರೆ ನೆಲದ ಹಸಿ ಆರುವುದರೊಳಗೆ ಕೂರಿಗೆ ಹೂಡಬೇಕು. ಆ ಹೊತ್ತಿಗೆ ಊರಿಗೆಲ್ಲ ಒಮ್ಮೆಲೇ ಟ್ರಾಕ್ಟರ್ ಬೇಕು, ಸಣ್ಣ ಹೊಲದವರ ಪಾಳಿ ಕೊನೆಗೆ. ಬೆಳೆ ಎದ್ದ ಮೇಲೆ ಸಾಲಿನ ನಡುವೆ ಎಡೆ ಹೊಡೆಯೋಕಂತೂ (ಕುಂಟೆಯಿಂದ ಕಸ ತೆಗೆಯೋಕೆ) ಎತ್ತೇ ಸೈ. ನಮ್ಮದು ಮುಗಿಸಿ ಬೇರೆಯವರ ಹೊಲಕ್ಕೂ ಹೋಗುತ್ತೇನೆ. ಎತ್ತು, ಕುಂಟೆ, ಆಳು ಸೇರಿ ದಿನಕ್ಕೆ 1,500 ರೂಪಾಯಿ ಆಸುಪಾಸು ಸಿಗುತ್ತೆ. ಇನ್ನೊಂದು ಮಾತು ಇದೆ. 2019ರ ಬರಕ್ಕೆ ಅಪ್ಪ ದನಗಳ ಜೊತೆ ಮೇವಿನ ಛಾವಣಿಯಲ್ಲಿ (ಬರಗಾಲದ ದನದ ಶಿಬಿರದಲ್ಲಿ) ತಾಡಪತ್ರಿ ಕಟ್ಟಿಕೊಂಡು ಬೇಸಿಗೆ ಕಳೆದಿದ್ದ. ಈಗಿನ ಬಲಗೋಲಿನ ಎತ್ತು ಆಗ ಕರು. ಅದನ್ನು ಮಾರು ಅಂತ ಅಪ್ಪನಿಗೆ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಹೆಣ್ಣು ಹುಡುಕಲು ಮೊದಲು ಹೋದದ್ದು ಪೇಟೆಯ ಒಂದು ವಧು-ವರ ಕೇಂದ್ರಕ್ಕೆ. ನೋಂದಣಿಗೆ 3,000 ರೂಪಾಯಿ, ತಿರುಗಿ ಕೊಡುವುದಿಲ್ಲ. ಫಾರ್ಮಿನಲ್ಲಿ ನೌಕರಿ, ಪಗಾರ, ಸ್ವಂತ ಮನೆ, ಕಾರು ಎಲ್ಲದಕ್ಕೂ ಕಾಲಂ ಇತ್ತು. ನಾನು "ಇತರೆ" ಅನ್ನುವ ಕಡೆ "ಒಂದು ಜೋಡಿ ಎತ್ತು" ಅಂತ ಬರೆದೆ. ಅಲ್ಲಿದ್ದ ಅಕ್ಕ ಅದನ್ನು ಹೊಡೆದು ಹಾಕಿ "ಪ್ರಗತಿಪರ ರೈತ" ಅಂತ ಬರೆದಳು. "ಎತ್ತಿನ ವಿಷಯ ಮನೆ ನೋಡಾಕ ಬಂದಾಗ ಹೇಳೋಣ, ಈಗ್ಯಾಕ?" ಅಂದಳು.

ಮನೆ ನೋಡೋಕೆ ಬಂದವರು ಅಂಗಳದಲ್ಲೇ ನಿಂತು ಬಿಡುತ್ತಿದ್ದರು. ಕ್ರೂಸರ್ ಗಾಡಿಯಿಂದ ಇಳಿದು, ದನದ ಮನೆ ಕಡೆ ಒಮ್ಮೆ ನೋಡಿ, ಚಹಾ ಕುಡಿದು, "ತಿಳಿಸ್ತೀವ್ರಿ" ಅಂತ ಹೋಗುತ್ತಿದ್ದರು. ಅವರಿಂದ ಫೋನ್ ಬರುತ್ತಿರಲಿಲ್ಲ. ನಾವೇ ಮಾಡಿದರೆ ಜಾತಕ ಕೂಡಿಲ್ಲ ಅನ್ನುತ್ತಿದ್ದರು. ನಾವು ಹೋಗುವ ಕಡೆಯೂ ಖರ್ಚೇ. ಗಾಡಿ ಬಾಡಿಗೆ ಒಂದು ಸಲಕ್ಕೆ 2,500ರಿಂದ 3,000, ಪೇಢೆ, ಹಣ್ಣು, ಹುಡುಗಿ ತಟ್ಟೆಯಲ್ಲಿ ಇಡೋಕೆ 501. ಹಿರಿಯರನ್ನು ಬಿಟ್ಟು ಹೋಗುವ ಹಾಗಿಲ್ಲ, ಅವರ ಊಟ ಚಹಾ ಬೇರೆ. ಗಾಡಿ ಮಾಡುವ ಮೊದಲು ಫೋನಿನಲ್ಲೇ ಎರಡು ಪ್ರಶ್ನೆ ಮುಗಿಸಿಕೊಳ್ಳಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಮೊದಲನೆಯದು ನೀರು. ಜತ್ತ ಅಂದ ಕೂಡಲೇ "ನಿಮ್ಮ ಕಡೆ ಮ್ಹೈಸಾಳ ನೀರು ಬಂದೇದೇನ್ರಿ?" ಅಂತ ಕೇಳುತ್ತಾರೆ. ಮ್ಹೈಸಾಳ ಏತ ನೀರಾವರಿಯಿಂದ ತಾಲೂಕಿನ ಪಶ್ಚಿಮಕ್ಕೆ ಕೃಷ್ಣೆಯ ನೀರು ಬಂತು. ಪೂರ್ವದ ನಮ್ಮಂಥ ಎಷ್ಟೋ ಊರು ಹೊರಗೆ ಉಳಿದವು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು, ಮುಚ್ಚಿಡುವ ವಿಷಯ ಅಲ್ಲ. ಎರಡನೆಯದು ಕಬ್ಬು. ಇದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಎತ್ತು ಇದೆ ಅಂದ ಕೂಡಲೇ ಆಚೆಯವರು, ಇವರು ಕಬ್ಬಿನ ಹಂಗಾಮಿಗೆ ಗಾಡಿ ಕಟ್ಟಿಕೊಂಡು ಫ್ಯಾಕ್ಟರಿ ಕಡೆಗೆ ಹೋಗುವವರು ಅಂದುಕೊಳ್ಳುತ್ತಾರೆ. ಅಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಕೊಯ್ತಾ ಅಂತ ಲೆಕ್ಕ ಹಿಡಿದು ಮುಂಗಡ ಕೊಡುತ್ತಾರೆ. ಮದುವೆಯಾದ ವರ್ಷವೇ ಮಗಳು ಗುಡಿಸಲಲ್ಲಿ ಇದ್ದು ಕಬ್ಬು ಕಡಿಯಬೇಕಾಗುತ್ತೆ ಅಂತ ಯಾವ ತಾಯಿಗೂ ಅಂಜಿಕೆ ಇರುತ್ತೆ, ಅಲ್ವಾ? ಅಂಥವರು ಬಾಯಿ ಬಿಟ್ಟು ಕೇಳದೆ ಎದ್ದು ಹೋದದ್ದು ಆಮೇಲೆ ಗೊತ್ತಾಯ್ತು. ನಾವು ಕಬ್ಬಿಗೆ ಹೋಗುವವರಲ್ಲ ಅಂತ ಅವರು ಕೇಳದಿದ್ದರೂ ಮೊದಲೇ ಹೇಳುವುದು ಒಳ್ಳೇದು.

ರೈತರ ಹುಡುಗರಿಗೆ ಹೆಣ್ಣು ಸಿಗದಿರುವುದು ಎತ್ತಿನಿಂದ ಮಾತ್ರ ಅಂತ ನಾನು ಹೇಳೋದಿಲ್ಲ. 2022ರ ಡಿಸೆಂಬರಿನಲ್ಲಿ ಸೋಲಾಪುರದಲ್ಲಿ ಮದುವೆಯಾಗದ ಹುಡುಗರು ಮದುಮಗನ ವೇಷದಲ್ಲಿ ಕುದುರೆ ಏರಿ ಕಲೆಕ್ಟರ್ ಕಚೇರಿಗೆ ಮೋರ್ಚಾ ಹೋದರು. ಗರ್ಭದಲ್ಲೇ ಹೆಣ್ಣು ಪತ್ತೆ ಮಾಡುವುದನ್ನು ತಡೆಯುವ ಕಾನೂನು ಗಟ್ಟಿಯಾಗಿ ಜಾರಿ ಮಾಡಿ ಅಂತ ಕೇಳಿದರು. ಮುಂದಿನ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಮ್ಮ ಊರಿನವರು ಎರಡನ್ನೂ ಫೋನಿನಲ್ಲಿ ನೋಡಿ ನಕ್ಕರು, ನನಗೂ ಕಳಿಸಿದರು. ನನಗೆ ನಗು ಬರಲಿಲ್ಲ.

ಒಂದು ಕಡೆ ಮಾತು ಗಟ್ಟಿಯಾಯ್ತು. ಸುಪಾರಿ ಒಡೆದು, ಸೀರೆ ಕೊಟ್ಟು, ತಾರೀಕು ನೋಡುವ ತನಕ ಹೋಯ್ತು. ಆಗ ಹುಡುಗಿಯ ಅಣ್ಣ ಒಂದು ಲೆಕ್ಕ ತಂದ. ಎತ್ತು ಮಾರಿದರೆ ಇಷ್ಟು ಬರುತ್ತೆ, ಅದನ್ನು ಮುಂಗಡ ಕಟ್ಟಿದರೆ ಟ್ರಾಕ್ಟರ್ ಬರುತ್ತೆ, ಉಳಿದದ್ದು ಕಂತು. "ತಂಗಿ ಆರಾಮ ಇರ್ತಾಳ, ನಿಮಗೂ ಮರ್ಯಾದಿ" ಅಂದ. ಏಳು ಎಕರೆ ಒಣ ಹೊಲದ ಆದಾಯದಲ್ಲಿ ಆ ಕಂತು ಹೇಗೆ ಕಟ್ಟುವುದು ಅಂತ ನಾನು ಕೇಳಿದೆ. ಬಾಡಿಗೆಗೆ ಓಡಿಸು ಅಂದ. ನಮ್ಮ ಊರಿನಲ್ಲಿ ಆಗಲೇ ಬಾಡಿಗೆ ಸಿಗದೆ ನಿಂತ ಟ್ರಾಕ್ಟರ್‌ಗಳು ಇದ್ದವು. ಅಪ್ಪ ಒಂದು ಮಾತೂ ಆಡದೆ ಎದ್ದು ಮೇವು ಹಾಕೋಕೆ ಹೋದ. ಅಲ್ಲಿಗೆ ಮುಗಿಯಿತು. ಸೀರೆ ವಾಪಸ್ ಕೇಳಲಿಲ್ಲ.

ಆ ಹುಡುಗಿ ಮರುದಿನ ತಾನಾಗೇ ಫೋನ್ ಮಾಡಿದಳು. "ನನಗ ಎತ್ತಿನ ಅಂಜಿಕಿ ಇಲ್ರಿ. ಮುಂಜಾನೆ ಎದ್ದು ಸೆಗಣಿ ನಾ ಒಬ್ಬಾಕೀನ ಬಳೀಬೇಕಾಗ್ತದಲ್ಲ, ಅದರದ್ದು ಅಂಜಿಕಿ. ಅಣ್ಣಗ ಹೇಳೀನಿ, ಅಂವಾ ಟ್ರಾಕ್ಟರ್ ಅಂದಾ" ಅಂದಳು. ಅಷ್ಟು ನೇರವಾಗಿ ಹೇಳಿದ್ದು ಅವಳೊಬ್ಬಳೇ. ಬೇಜಾರಾಗಿತ್ತು, ಆದರೂ ಅವಳ ಮಾತು ಸುಳ್ಳಲ್ಲ. ಹೊಲದಲ್ಲಿ ಎತ್ತು ಹೊಡೆಯುವವನು ನಾನು. ಮನೆಯಲ್ಲಿ ಐದಕ್ಕೆ ಎದ್ದು ಸೆಗಣಿ ತೆಗೆದು, ಗ್ವಾದಲಿ (ಮೇವಿನ ತೊಟ್ಟಿ) ಗುಡಿಸಿ, ನೀರು ತುಂಬಿ, ಕಣಕಿ (ಜೋಳದ ದಂಟು) ಕತ್ತರಿಸಿ ಹಾಕುವುದು ಅರ್ಧಕ್ಕರ್ಧ ಅವ್ವ. ಜೋಡಿಗೆ ದಿನಕ್ಕೆ 15 ಕಿಲೊ ಮೇಲೆ ಕಣಕಿ ಬೇಕು, ಬೇಸಿಗೆಯಲ್ಲಿ ಒಂದೊಂದಕ್ಕೆ 40-50 ಲೀಟರ್ ನೀರು. ಅವ್ವನಿಗೆ ಮೊಣಕಾಲು ನೋವು ಶುರುವಾದ ಮೇಲೇ ನನ್ನ ಮದುವೆಯ ಗಡಿಬಿಡಿ ಜೋರಾದದ್ದು. ಬರುವ ಹುಡುಗಿಯ ಮನೆಯವರಿಗೆ ಇದು ಕಾಣದೇ ಇರುತ್ತಾ?

ಅದಕ್ಕೇ "ಎತ್ತು ಇದ್ದರೆ ನಡೀತದೇನ್ರಿ?" ಅಂತ ಕೇಳುವುದನ್ನೇ ಬಿಟ್ಟೆ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ನಮ್ಮ ಜನಕ್ಕೆ ಬಸವಣ್ಣನ ಮುಂದೆ ಇಲ್ಲ ಅನ್ನೋಕೆ ನಾಚಿಕೆ. ಬಯೋಡಾಟಾ ಹೊಸದಾಗಿ ಬರೆದೆ. ಯಾವ ಕೆಲಸ ಯಾರು ಮಾಡುತ್ತಾರೆ, ಮುಂದೆ ಯಾರು ಮಾಡುತ್ತಾರೆ, ಎತ್ತಿನಿಂದ ವರ್ಷಕ್ಕೆ ಏನು ಬರುತ್ತೆ, ಏನು ಹೋಗುತ್ತೆ, ಇಷ್ಟನ್ನೇ ಬರೆದೆ. ಫೋಟೋ ಸ್ಟುಡಿಯೋದಲ್ಲಿ ತೆಗೆಸಿದ್ದನ್ನು ಬಿಟ್ಟು ಕುಂಟೆ ಮೇಲೆ ನಿಂತದ್ದನ್ನು ಹಾಕಿದೆ. ನನ್ನ ಅಕ್ಕ ಬೈದಳು. ಮುಖ ಬಿಸಿಲಿಗೆ ಕಪ್ಪಾಗಿ ಕಾಣುತ್ತಿತ್ತು, ಅದೂ ನಿಜವೇ.

ಅದನ್ನು ಕೇಂದ್ರಕ್ಕೆ ಕೊಡಲಿಲ್ಲ. ಎತ್ತಿಗೆ ನಾಲು (ಲಾಳ) ಬಡಿಯುವ ಕಾಕಾನ ಕೈಗೆ ಕೊಟ್ಟೆ. ಯಾಕೆ ಅಂದರೆ ಅವನು ವಾರದ ದನದ ಬಜಾರುಗಳನ್ನು ತಿರುಗುತ್ತಾನೆ, ಗಡಿಯ ಆಚೆ ಈಚೆ ಯಾರ ಮನೆಯಲ್ಲಿ ಎತ್ತು ಇದೆ, ಯಾರ ಮನೆಯಲ್ಲಿ ಇತ್ತು, ಯಾರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ ಎಲ್ಲ ಗೊತ್ತು. ದನದ ದಲಾಲರೂ ಆಗಬಹುದು, ಆದರೆ ಅವರು ಎತ್ತಿನ ಹಲ್ಲು ಹೇಳಿದ ಹಾಗೆ ಹುಡುಗಿಯ ವಯಸ್ಸು ಹೇಳುತ್ತಾರೆ. ಎರಡೂ ನಂಬೋಕೆ ಆಗೋದಿಲ್ಲ.

ಕಾಕಾ ಸುಗ್ಗಿ ಮುಗಿಯುವ ತನಕ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಚಡಚಣದ ಕಡೆಯ ಒಂದು ಮನೆ ಹೇಳಿದ. ಅಲ್ಲಿ ಮೊದಲು ಎತ್ತು ಇದ್ದವು. ಹಿರೀ ಮಗಳ ಮದುವೆಗೆ ಮಾರಿದ್ದರು. ಕಿರಿಯಳು ಬಿ.ಎ. ಓದಿ ಹೊಲಿಗೆ ಮಾಡುತ್ತಿದ್ದಳು. ನಾವು ಹೋದಾಗ ಅವಳ ಚಿಕ್ಕಮ್ಮ, 2022ರಲ್ಲಿ ಬಂದಿತ್ತಲ್ಲ ಆ ಗಂಟು ರೋಗ, ಅದು ಮನುಷ್ಯರಿಗೂ ಅಂಟುತ್ತಾ ಅಂತ ಕೇಳಿದಳು. ಅಂಟುವುದಿಲ್ಲ, ಅದು ದನಕ್ಕೆ ಬರುವ ರೋಗ, ನಮ್ಮವಕ್ಕೆ ಲಸಿಕೆ ಆಗಿದೆ ಅಂದೆ. ಹುಡುಗಿ ಕೇಳಿದ್ದು ಬೇರೆ. "ನೀವು ಊರಿಗೆ ಹೋದ್ರ ಮೇವು ಯಾರು ಹಾಕ್ತಾರ್ರಿ?" ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅವ್ವ ಅಂದೆ. "ಅತ್ತಿ ಮೊಣಕಾಲು ನೋವು ಅಂತ ನೀವ ಬರದೀರಲ್ಲ" ಅಂದಳು. ಬಯೋಡಾಟಾವನ್ನು ಅಷ್ಟು ಗಮನವಿಟ್ಟು ಓದಿದವರು ಅವಳ ಹೊರತು ಯಾರೂ ಇರಲಿಲ್ಲ.

ಯಾವ ಮಾತೂ ಗಟ್ಟಿಯಾಗುವ ಮೊದಲು ಹುಡುಗಿಯೂ ಬಂದು ಎತ್ತು ನೋಡಲಿ ಅಂತ ನಾವು ಕೇಳಿದೆವು. ಹಿರಿಯರು ಒಪ್ಪಲಿಲ್ಲ. ಸುಪಾರಿಗೆ ಮೊದಲು ಹುಡುಗಿ ಗಂಡಿನ ಮನೆ ಮೆಟ್ಟಬಾರದಂತೆ. ಕೊನೆಗೆ ಗುಡ್ಡಾಪುರದ ದಾನಮ್ಮ ದೇವಿ ದಾರಿ ತೋರಿಸಿದಳು. ಗುಡ್ಡಾಪುರ ನಮ್ಮ ತಾಲೂಕಿನಲ್ಲೇ ಇದೆ, ಆಚೆಯಿಂದ ಜನ ಬರುತ್ತಲೇ ಇರುತ್ತಾರೆ. ಅವರು ದರ್ಶನಕ್ಕೆ ಬಂದು, ಹೋಗುವಾಗ ನಮ್ಮ ಹೊಲದಲ್ಲಿ ಬುತ್ತಿ ಬಿಚ್ಚಿದರು. ಮನೆ ಮೆಟ್ಟಿದ ಹಾಗೂ ಆಗಲಿಲ್ಲ. ನಿಮಗೂ ಇದೇ ತೊಡಕು ಬಂದರೆ ಹತ್ತಿರದ ದೇವರನ್ನು ನೋಡಿಕೊಳ್ಳಿ.

ಕಿಲಾರಿ ಎತ್ತು ಗೊತ್ತಿಲ್ಲದವರನ್ನು ಹತ್ತಿರ ಸೇರಿಸುವುದಿಲ್ಲ. ಬಂದವರಲ್ಲಿ ಗಂಡಸರೇ ದೂರ ನಿಂತಿದ್ದರು. ಅವಳು ಮುಂದಿನಿಂದಲೂ ಹಿಂದಿನಿಂದಲೂ ಹೋಗದೆ ಪಕ್ಕದಿಂದ ನಡೆದಳು. ಎಡಗೋಲಿನದು ಕೊಂಬು ಝಾಡಿಸಿ ಉಸಿರು ಬಿಟ್ಟಿತು. ಕೊಂಬು ತಾಕದಷ್ಟು ದೂರ ನಿಂತು ಸುಮ್ನೆ ಏನೋ ಮಾತಾಡುತ್ತಾ ಇದ್ದಳು. ಅದು ಕಿವಿ ತಿರುಗಿಸಿ, ಮತ್ತೆ ಮೇವಿಗೆ ಬಾಯಿ ಹಾಕಿತು. ಆಗ ಅವಳು ಅದರ ಹೆಗಲು ನೋಡಿ, "ನೊಗ ಒಂದ ಕಡೆ ಒತ್ತತದೇನ್ರಿ? ಇದರದು ಹೆಗಲ ಬಾತೇದ" ಅಂದಳು. ನಿಜ, ಹಿಂದಿನ ದಿನ ನೊಗದ ಗೂಟ ಬದಲಿಸಿದ್ದೆವು. ಸಂಜೆ ಅರಿಶಿಣ ಎಣ್ಣೆ ಹಚ್ಚಬೇಕು ಅಂತ ನಾನೂ ಅಂದುಕೊಂಡಿದ್ದೆ. "ಹಚ್ಚ್ರಿ, ಆದ್ರ ನಾಳಿ ಹೂಡಬ್ಯಾಡ್ರಿ" ಅಂದಳು. ಅಪ್ಪ ಆ ದಿನ ಮೊದಲ ಸಲ ಬಾಯಿ ಬಿಟ್ಟ. ನಿಮ್ಮ ಮನೆಯಲ್ಲಿ ಯಾವ ಎತ್ತು ಇದ್ದವು, ಎಷ್ಟಕ್ಕೆ ಮಾರಿದಿರಿ, ಯಾರಿಗೆ ಮಾರಿದಿರಿ ಅಂತ ಶುರು ಮಾಡಿದವನು ಅವರು ಗಾಡಿ ಹತ್ತುವ ತನಕ ನಿಲ್ಲಿಸಲಿಲ್ಲ.

ಅವಳೂ ಷರತ್ತು ಹಾಕಿದಳು. ಫೋನಿನಲ್ಲಿ ಹೇಳಿ, ಆಮೇಲೆ ಬರೆದೂ ಕಳಿಸಿದಳು. ಸೆಗಣಿ ದಿನ ಬಿಟ್ಟು ದಿನ ಪಾಳಿ, ನನ್ನ ಪಾಳಿಯ ದಿನ ಅವ್ವನಿಗೆ ಹಚ್ಚಬಾರದು. ಬಾಡಿಗೆ ಎಡೆಯ ದುಡ್ಡು ಇಬ್ಬರ ಹೆಸರಿನ ಖಾತೆಗೆ ಹೋಗಬೇಕು. ಎತ್ತು ಸತ್ತರೆ ಬಡ್ಡಿ ಸಾಲ ಮಾಡಿ ಇನ್ನೊಂದು ತರಬಾರದು, ಕೈಯಲ್ಲಿ ದುಡ್ಡು ಆಗುವ ತನಕ ಕಾಯಬೇಕು. ಹೊಲಿಗೆ ಮಷಿನ್ ಜೊತೆ ಬರುತ್ತೆ. ಕೊನೆಯದು, ಎಡೆಕುಂಟೆ ಹಿಡಿಯುವುದನ್ನು ಕಲಿಸಬೇಕು. ಮೂರನೆಯದಕ್ಕೆ ಅಪ್ಪ ಒಪ್ಪಲು ಹೊತ್ತು ಹಿಡಿಯಿತು. ಕೊನೆಯದಕ್ಕೆ ಅವ್ವ ತಕರಾರು ತೆಗೆದಳು. ಹೆಣ್ಣು ಕುಂಟೆ ಹಿಡಿದರೆ ಮಳೆ ಆಗೋದಿಲ್ಲ ಅಂದಳು. "ಕೂರಿಗಿ ಬಟ್ಟಲಕ್ಕ ಕಾಳು ಬಿಡಾಕ ಹೆಣ್ಣಿನ ಕೈ ಬೇಕಲ್ಲವ್ವಾ, ಆಗ ಮಳಿ ಏನ ಮಾಡ್ತದ?" ಅಂತ ನಾನು ಕೇಳಿದೆ. ಅವ್ವ ಈಗಲೂ ಒಪ್ಪಿಲ್ಲ, ನೋಡಿಯೂ ನೋಡದ ಹಾಗೆ ಇರುತ್ತಾಳೆ.

ಎಲ್ಲ ಸರಿಹೋಯ್ತು ಅನ್ನುವಾಗ ಉತಾರ (ಹೊಲದ ದಾಖಲೆ) ಬಂದು ಅಡ್ಡ ನಿಂತಿತು. ಕರ್ನಾಟಕದವರು ಪಹಣಿ ನೋಡಿ ಗೊತ್ತಿರುವವರು, ಅದರಲ್ಲಿ ಎಕರೆ-ಗುಂಟೆ ಲೆಕ್ಕ. ನಮ್ಮ ಕಡೆಯ ಪಹಣಿಯಾದ ಸಾತ್‌ಬಾರಾ (7/12) ಮರಾಠಿಯಲ್ಲಿ, ಲೆಕ್ಕ ಹೆಕ್ಟೇರ್ ಮತ್ತು ಆರ್. ನಮ್ಮದರಲ್ಲಿ 2.83 ಅಂತ ಇದೆ. ಹುಡುಗಿಯ ಸೋದರಮಾವ ಅದನ್ನು ಓದಿ, "ಪೂರಾ ಮೂರು ಎಕರೆನೂ ಇಲ್ಲದ ಏಳು ಅಂತ ಹೇಳ್ತೀರಲ್ರಿ" ಅಂತ ಸಿಟ್ಟಾದ. ಒಂದು ಹೆಕ್ಟೇರ್ ಅಂದರೆ ಎರಡೂವರೆ ಎಕರೆಗೆ ಚೂರು ಕಡಿಮೆ, 2.47 ಅಂತ ಕೂತು ಗುಣಿಸಿ ತೋರಿಸಬೇಕಾಯ್ತು. ಅಷ್ಟಕ್ಕೂ ಸಮಾಧಾನ ಆಗದೆ ಅವರ ಊರಿನ ಮಾಸ್ತರರಿಗೆ ತೋರಿಸಿಕೊಂಡು ಬಂದರು. ಗಡಿ ದಾಟಿ ಸಂಬಂಧ ಮಾಡುವವರು ಸಾತ್‌ಬಾರಾದ ಮಗ್ಗುಲಿಗೆ ಎಕರೆ ಎಷ್ಟು ಅಂತ ಕನ್ನಡದಲ್ಲಿ ಬರೆದೇ ಕೊಡಿ. ಜೊತೆಗೆ 8-ಅ ಇರಲಿ, ಅದರಲ್ಲಿ ಒಬ್ಬರ ಹೆಸರಿನ ಎಲ್ಲ ಹೊಲದ ಲೆಕ್ಕ ಒಂದೇ ಕಡೆ ಸಿಗುತ್ತೆ. ಡಿಜಿಟಲ್ ಸಹಿಯ ಸಾತ್‌ಬಾರಾ ಆನ್‌ಲೈನಿನಲ್ಲಿ 15 ರೂಪಾಯಿಗೆ ಸಿಗುತ್ತೆ.

ಮದುವೆ ಎಲ್ಲರ ಮದುವೆಯ ಹಾಗೆ ಆಯ್ತು. ಗೆಳೆಯರು ಎತ್ತಿನ ಗಾಡಿಯಲ್ಲಿ ಮೆರವಣಿಗೆ ಮಾಡೋಣ, ವಿಡಿಯೋ ಚೆನ್ನಾಗಿ ಬರುತ್ತೆ ಅಂದರು. ಡಿಜೆ ಸದ್ದಿಗೆ ಕಿಲಾರಿ ಬೆದರಿ ಓಡಿದರೆ ಗಾಡಿಯಲ್ಲಿರುವ ನಮ್ಮ ಗತಿ ಏನು? ಬೇಡ ಅಂದೆವು.

ಆಮೇಲಿನ ಕಾಗದದ ಕೆಲಸ ಹೆಣ್ಣು ಹುಡುಕಿದ್ದಕ್ಕಿಂತ ಬೇಸರದ್ದು. ಮಹಾರಾಷ್ಟ್ರದ ಹಳ್ಳಿಯಲ್ಲಿ ಮದುವೆ ನೋಂದಣಿ ಗ್ರಾಮ ಪಂಚಾಯಿತಿ ಅಧಿಕಾರಿ (ಜನ ಗ್ರಾಮಸೇವಕ ಅನ್ನುವವರು) ಹತ್ತಿರ. ಮೂವರು ಸಾಕ್ಷಿ, ಲಗ್ನಪತ್ರಿಕೆ, ಫೋಟೋ, ಆಧಾರ್, ವಯಸ್ಸಿನ ದಾಖಲೆ, ಮದುವೆ ಮಾಡಿಸಿದ ಅಯ್ಯನವರ ಸಹಿ. ನಮ್ಮ ಅಯ್ಯನವರು ಆಚೆಯವರು, ಸಹಿಗೆ ಮತ್ತೆ ಅವರ ಊರಿಗೆ ಹೋಗಬೇಕಾಯ್ತು. ಅಕ್ಷತೆ ಬಿದ್ದ ದಿನವೇ ಫಾರ್ಮ್ ಮುಂದೆ ಹಿಡಿದು ಸಹಿ ತಗೊಂಡುಬಿಡಿ. ಅವಳ ಶಾಲೆಯ ದಾಖಲೆ ಕನ್ನಡದಲ್ಲಿತ್ತು, ಅದರ ಮರಾಠಿ ಅನುವಾದ ತನ್ನಿ ಅಂದರು. ರೇಷನ್ ಕಾರ್ಡಿನಲ್ಲಿ ಇಲ್ಲಿ ಹೆಸರು ಸೇರಿಸಬೇಕಾದರೆ ಅಲ್ಲಿ ತೆಗೆದ ದಾಖಲೆ ಬೇಕು. ಅಲ್ಲಿ ಕೊಟ್ಟ ಅರ್ಜಿ ಬಹಳ ದಿನ ಹಾಗೇ ಕೂತಿತ್ತು. ಆಧಾರ್ ವಿಳಾಸ ಬದಲಿಸೋಕೆ ಅವಳಿಗೆ ಮನಸ್ಸಿರಲಿಲ್ಲ, ಯಾಕೆ ಅಂದರೆ ಕರ್ನಾಟಕದ ವಿಳಾಸ ಇದ್ದರೆ ಮಾತ್ರ ಅಲ್ಲಿನ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಪುಕ್ಕಟೆ. "ತವರಿಗೆ ಹೋಗೋ ಟಿಕೆಟ್ಟಿನ ರೊಕ್ಕ ನೀವ ಕೊಡ್ರಿ" ಅಂದು ಬದಲಿಸಿದಳು. ಕೊಡುತ್ತಿದ್ದೇನೆ.

ಎತ್ತು ಅವಳನ್ನು ಒಪ್ಪಿಕೊಂಡದ್ದು ನಿಧಾನವಾಗಿ. ಮೊದಲು ನೀರು ಮಾತ್ರ ಇಡುತ್ತಿದ್ದಳು. ನನ್ನ ಹಳೆ ಟವೆಲ್ ತಲೆಗೆ ಸುತ್ತಿಕೊಂಡು ಹೋಗುತ್ತಿದ್ದಳು, ವಾಸನೆ ಗುರುತು ಸಿಗಲಿ ಅಂತ. ಕಾರಹುಣ್ಣಿಮೆ ಹೊತ್ತಿಗೆ ಬಲಗೋಲಿನದು ಕೊಂಬಿಗೆ ಬಣ್ಣ ಹಚ್ಚಿಸಿಕೊಂಡಿತು, ಎಡಗೋಲಿನದು ಬಿಡಲಿಲ್ಲ, ಅದಕ್ಕೆ ನಾನೇ ಹಚ್ಚಿದೆ. ತೊಗರಿ ಎಡೆಗೆ ಅವಳು ಕುಂಟೆ ಹಿಡಿದಳು, ನಾನು ಮುಂದೆ ಹಗ್ಗ ಹಿಡಿದು ನಡೆದೆ. ಮೊದಲ ಸಾಲಿನಲ್ಲಿ ಕಸಕ್ಕಿಂತ ತೊಗರಿಯೇ ಜಾಸ್ತಿ ಕಿತ್ತು ಬಂತು. ಅಪ್ಪ ಬದುವಿನ ಮೇಲೆ ಕೂತು ಎಣಿಸಿದ.

ಪಂಚಮಿಗೆ ಅವಳನ್ನು ತವರಿಗೆ ಕಳಿಸಬೇಕಿತ್ತು, ನಾನೂ ಬಿಟ್ಟು ಬರೋಕೆ ಹೋಗಬೇಕಿತ್ತು. ಮೊದಲ ದಿನ ಅವಳು ಕೇಳಿದ್ದಳಲ್ಲ, ಅದಕ್ಕೆ ನಾವು ಮದುವೆಗೆ ಮುಂಚೆಯೇ ಒಂದು ದಾರಿ ಮಾಡಿಕೊಂಡಿದ್ದೆವು. ಮಗ್ಗುಲ ಹೊಲದ ಗೆಳೆಯನಿಗೂ ಒಂದು ಜೋಡಿ ಇದೆ. ಅವನು ಊರಿಗೆ ಹೋದರೆ ನಾವು ಮೇವು ಹಾಕುವುದು, ನಾವು ಹೋದರೆ ಅವನು. ದುಡ್ಡಿಲ್ಲ, ಮುಯ್ಯಿ. ಎತ್ತಿಗೆ ಅವನ ಪರಿಚಯ ಆಗೋಕೆ ಹೊತ್ತು ಬೇಕು, ಅದಕ್ಕೆ ಇದನ್ನು ಮೊದಲೇ ಶುರು ಮಾಡಬೇಕು. ನಮ್ಮ ಮದುವೆ ದಿನವೂ ಅವನೇ ಇದ್ದ, ಹಾಗಾಗಿ ಅಕ್ಷತೆಗೆ ಬರಲಾಗಲಿಲ್ಲ. ಬುಂದಿ ಲಾಡು ಹೊಲಕ್ಕೇ ಕಳಿಸಿದೆವು.

ಈಗ ಅವನಿಗೆ ಹೆಣ್ಣು ನೋಡುತ್ತಿದ್ದಾರೆ. ಅವನ ಬಯೋಡಾಟಾ ನನ್ನ ಹೆಂಡತಿ ಬರೆದುಕೊಟ್ಟಿದ್ದಾಳೆ. ಹೆಸರಿನ ಕೆಳಗೆ ಮೊದಲ ಸಾಲೇ "ಎರಡು ಎತ್ತು, ಒಂದು ಎಮ್ಮೆ, ಮುಂಜಾನೆಯ ಸೆಗಣಿ ನಾನೇ ತೆಗೆಯುತ್ತೇನೆ". ಆ ಸಾಲು ತೆಗೀರಿ ವೈನಿ ಅಂತ ಅವನು ದಿನಾ ಬಂದು ಜಗಳ ಮಾಡುತ್ತಿದ್ದಾನೆ.